ಕಿವಿಮೊಳೆಯ ಸುತ್ತ ಐದು ಮಾರು

ಮಣ್ಣಿಗೆ ಸದ್ದಿದೆ ಎಂದರೆ ಮೊದಮೊದಲು ಯಾರೂ ನಂಬಿರಲಿಲ್ಲ. ನಂಬಿದ ಮೇಲೆ ಅದಕ್ಕೊಂದು ಕಾಯಿದೆಯೇ ಬಂತು.

ಕಿವಿಮೊಳೆ ಎಂದರೆ ಮೊಣಕೈ ಉದ್ದದ ಉಕ್ಕಿನ ಸಲಾಕೆ. ಅದನ್ನು ನೆಲಕ್ಕೆ ಹೊಡೆದು ತಲೆಯ ಮೇಲೊಂದು ಹಸಿರು ಟೋಪಿ ಕೂರಿಸಿದರೆ ಕೆಲಸ ಮುಗಿಯಿತು. ಆ ಟೋಪಿಗೆ ಬಿಸಿಲೇ ಆಹಾರ. ಎರೆಹುಳು ಜರುಗುವುದು, ಬೇರಿನ ತುದಿ ಒಂದು ಮಣ್ಣಿನ ಕಣವನ್ನು ಪಕ್ಕಕ್ಕೆ ಸರಿಸುವುದು, ಸೆಗಣಿ ಹುಳು ತನ್ನ ಉಂಡೆಯನ್ನು ಬಿಲದೊಳಕ್ಕೆ ಎಳೆದುಕೊಳ್ಳುವುದು, ನೀರು ಇಳಿಯುವುದು, ಇಷ್ಟೆಲ್ಲ ಸದ್ದನ್ನೂ ಕೇಳಿಸಿಕೊಂಡು ಅದು ದಿನಕ್ಕೊಂದು ಅಂಕಿ ಕಳಿಸುತ್ತದೆ. ನೂರಕ್ಕೆ ನಲವತ್ತು ದಾಟಿದರೆ ನೆಲ ಬದುಕಿದೆ ಎಂದರ್ಥ. ಎರಡು ವರ್ಷ ಸತತವಾಗಿ ಇಪ್ಪತ್ತೈದರ ಕೆಳಗೆ ಉಳಿದರೆ ಆ ಹುಲ್ಲುಗಾವಲಿನಲ್ಲಿ ಮೇಯಿಸುವುದು ನಿಲ್ಲಬೇಕು. ಹತ್ತು ವರ್ಷ ಅಲ್ಲಿಗೆ ಒಂದು ಕುರಿಮರಿಯೂ ಕಾಲಿಡುವಂತಿಲ್ಲ.

ಕಾಯಿದೆ ತಂದವರು ಕೆಟ್ಟವರೇನಲ್ಲ. ಬಯಲುಸೀಮೆಯ ಕಾವಲುಗಳು, ಅಂದರೆ ಕುರಿ ದನ ಮೇಯುವ ಹುಲ್ಲುಗಾವಲುಗಳು, ಒಂದೊಂದಾಗಿ ಬಳ್ಳಾರಿ ಜಾಲಿಯ ಪಾಲಾಗುವುದನ್ನು ನೋಡಿ ನೋಡಿ, ಉಳಿದಿದ್ದನ್ನಾದರೂ ಕಾಪಾಡೋಣ ಎಂದುಕೊಂಡವರು.

ಚಿತ್ರದುರ್ಗದ ಹೊರಗಿದ್ದ ಆಲಿಕೆ ಕೇಂದ್ರದಲ್ಲಿ ಹದಿನಾಲ್ಕು ಕಾವಲುಗಳ ಅಂಕಿಗಳು ಒಂದೇ ಗೋಡೆಯ ಮೇಲೆ ಮಿನುಗುತ್ತಿದ್ದವು. ಅಲ್ಲಿದ್ದವರೆಲ್ಲ ಅಂಕಿ ನೋಡುತ್ತಿದ್ದರು. ಕ್ಯಾತಮ್ಮ ಒಬ್ಬಳು ಮಾತ್ರ ಹೆಡ್‌ಫೋನ್ ಹಾಕಿಕೊಂಡು ಸದ್ದನ್ನೇ ಕೇಳುತ್ತ ಕೂರುತ್ತಿದ್ದಳು. ಹಾಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಮಾತು ಕಡಿಮೆಯಿದ್ದ ಮನೆಯಲ್ಲಿ ಬೆಳೆದವಳು ಅವಳು. ಅಪ್ಪ ದಿನಗಟ್ಟಲೆ ಕುರಿಗಳ ಹಿಂದೆ ನಡೆದು ಬಂದು, ಕಂಬಳಿ ಹಾಸಿ, ಒಂದು ಮಾತೂ ಆಡದೆ ಉಂಡು ಮಲಗುತ್ತಿದ್ದ. ಆ ಮೌನದಲ್ಲಿ ಇವತ್ತಿನದು ದಣಿವೋ, ಸಿಟ್ಟೋ, ಸಮಾಧಾನವೋ ಎಂದು ತಿಳಿಯುವುದನ್ನು ಅವಳು ಅಕ್ಷರಕ್ಕಿಂತ ಮೊದಲೇ ಕಲಿತಿದ್ದಳು.

ಆ ಸೋಮವಾರ ಉಪನಿರ್ದೇಶಕ ಮಧುಕೇಶ್ವರ ಅವಳ ಮೇಜಿನ ಬಳಿ ಬಂದು ನಿಂತರು. ಅವರು ಯಾರ ಮೇಜಿನ ಬಳಿಗೂ ಬರುವವರಲ್ಲ, ಬೇಕಾದವರನ್ನು ಕರೆಸಿಕೊಳ್ಳುವವರು.

“ಎರೆಗುಡ್ಡದ ಕಾವಲು. ನೂರಾ ಹನ್ನೆರಡು ಮೊಳೆ, ಸರಾಸರಿ ಹತ್ತೊಂಬತ್ತು,” ಎಂದರು. “ನಿಮ್ಮ ಊರು ಅಂತ ಗೊತ್ತು. ಅದಕ್ಕೇ ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ನಾನೇ ಬಂದೆ.”

“ಮುಚ್ಚೋ ಆದೇಶ ಆಗಿದೆಯಾ ಸರ್?”

“ಹನ್ನೊಂದು ದಿನದಲ್ಲಿ ರುಜು ಹಾಕ್ತೀನಿ. ಮೊಳೆ ಹೊಡೆದ ದಿನ ಐವತ್ತೆಂಟಿತ್ತು ಕ್ಯಾತಮ್ಮ. ನಾಲ್ಕೇ ವರ್ಷಕ್ಕೆ ಹತ್ತೊಂಬತ್ತು. ನಾಲ್ಕು ಸಾವಿರ ಕುರಿ ಮೇಯ್ತಾ ಇವೆ ಅಂತ ಕುರಿಗಳ ಕೊರಳಪಟ್ಟಿಯೇ ಹೇಳ್ತಿದೆ. ನಿಮ್ಮ ಜನ ನೆಲವನ್ನ ತಿಂದುಬಿಟ್ಟಿದಾರೆ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೇ.

“ಆಕ್ಷೇಪಣೆ ಹಾಕಬಹುದಾ ಸರ್?”

“ಹಾಕಿ. ಆದರೆ ಆಧಾರ ತನ್ನಿ. ನಮ್ಮಪ್ಪ, ನಮ್ಮಜ್ಜ ಅಂತ ಕತೆ ತರಬೇಡಿ.”

*

ಎರೆಗುಡ್ಡದ ಹಟ್ಟಿಯಲ್ಲಿ ಅರವತ್ತು ಮನೆ. ಹಟ್ಟಿಯ ಸುತ್ತ ಕಾರೆಮುಳ್ಳಿನ ಬೇಲಿ, ಬೇಲಿಯಾಚೆ ಕುರಿ ರೊಪ್ಪಗಳು, ಅದರಾಚೆ ಕಣ್ಣು ಹರಿಯುವಷ್ಟು ದೂರ ಹುಲ್ಲು. ಅಣ್ಣ ಚಿಕ್ಕೀರಣ್ಣ ಹಟ್ಟಿಯ ದೊಡ್ಡ ಮಂದೆಯ ಯಜಮಾನ. ಯಾವ ದಿನ ಯಾವ ದಿಕ್ಕಿಗೆ ಮಂದೆ ಹೊರಡಬೇಕೆಂದು ಅವನು ಹೇಳಿದರೆ ಉಳಿದವರೂ ಅದರಂತೆ ನಡೆಯುತ್ತಿದ್ದರು.

“ಬಂದ್ಯಾ ಮೇಡಮ್ಮೋರೆ,” ಎಂದು ಅತ್ತಿಗೆ ಬೊಮ್ಮಕ್ಕ ನೀರಿನ ಚೊಂಬು ಕೊಟ್ಟಳು. “ದಾರಿ ಮರೆತ್ಯೇನೋ ಅಂದ್ಕಂಡಿದ್ದೆ. ಮೊಳೆ ಹೊಡೆದು ಹೋದೋಳು ಹಟ್ಟಿಗೆ ಬರ್ತೀಯ, ಹೋಗ್ತೀಯ. ಬೇಲಿ ದಾಟಿ ಕಾವಲಿಗೆ ಒಂದಿನ ಕಾಲಿಕ್ಕಲಿಲ್ಲ.”

“ಅಲ್ಲಿಂದಲೇ ದಿನಾ ಕೇಳ್ತಿರ್ತೀನಿ ಅತ್ತಿಗೆ.”

“ಕೇಳಕ್ಕೇನು. ನಿಮ್ಮಣ್ಣನ ಗೊರಕೇನೂ ಕೇಳ್ತೀಯೇನೋ.”

ಮುದ್ದೆ, ಹುರುಳಿ ಸಾರು ಬಡಿಸಿದರು. ಊಟ ಅರ್ಧವಾದಾಗ ಕ್ಯಾತಮ್ಮ ವಿಷಯ ಹೇಳಿದಳು. ಚಿಕ್ಕೀರಣ್ಣನ ಕೈ ಮುದ್ದೆಯ ಮೇಲೆ ನಿಂತಿತು, ಅಷ್ಟೇ. ಬೊಮ್ಮಕ್ಕನ ತಮಾಷೆಯೂ ನಿಂತಿತು.

“ಹತ್ತು ವರ್ಸ,” ಎಂದಳು ಬೊಮ್ಮಕ್ಕ. “ಹತ್ತು ವರ್ಸ ಕುರೀನ ಎಲ್ಲಿ ನಿಲ್ಲಿಸ್ಕಂತಾರೆ? ಮಾರಿಬಿಟ್ರೆ ಆಮೇಲೆ ಹಟ್ಟಿ ಅಂತ ಯಾಕೆ ಇರಬೇಕು ಇದು?”

ಕ್ಯಾತಮ್ಮ ಅಣ್ಣನ ಮುಖ ನೋಡದೆ ಕೇಳಿದಳು: “ಅಣ್ಣಾ, ಒಂದೇ ಕಡೆ ಜಾಸ್ತಿ ಮೇಯಿಸಿದೀರಾ? ಇದ್ದದ್ದು ಇದ್ದಂಗೆ ಹೇಳು.”

ಬಹಳ ಹೊತ್ತು ಉತ್ತರ ಬರಲಿಲ್ಲ. ಅದು ಸಿಟ್ಟಿನ ಮೌನ ಎಂದು ಅವಳಿಗೆ ಗೊತ್ತಾಯಿತು.

“ಅಪ್ಪ ನಿನಗೂ ಕಲಿಸಿದ್ನಲ್ಲ,” ಎಂದ ಅವನು ಕೊನೆಗೆ. “ಹುಲ್ಲು ಮೊಣಕಾಲಿಗೆ ಬಂದ್ಮೇಲೆ ಬಿಡ್ತೀವಿ. ಹಿಮ್ಮಡಿ ಮುಚ್ಚಾಷ್ಟು ಉಳಿದಿರ್ವಾಗ್ಲೇ ಎಬ್ಬಿಸ್ಕಂಡು ಹೊಂಟೋಗ್ತೀವಿ. ಮಂದೆನ ಒತ್ತಾಗಿ ನಡೆಸ್ತೀವಿ, ಹಿಕ್ಕೆ ಎಲ್ಲ ಒಂದೇ ಸಮ ಬೀಳಲಿ ಅಂತ. ಆಮೇಲೆ ಎರಡು ಮಳೆ ಕಳೆಯೋಗಂಟ ಆ ಕಡೆ ಮುಖ ಹಾಕಲ್ಲ. ಇದ್ರಾಗೆ ಒಂದು ತಪ್ಪಿದ್ರೆ ಹೇಳು, ಈಗ್ಲೇ ಮಂದೆ ಮಾರ್ತೀನಿ.”

ಅದರಲ್ಲಿ ಅವಳಿಗೆ ಒಂದು ತಪ್ಪೂ ಸಿಗಲಿಲ್ಲ. ಸಂಜೆಯ ಬಸ್ಸಿಗೆ ವಾಪಸಾದಳು. ಅಣ್ಣ ಸುಳ್ಳು ಹೇಳುವವನಲ್ಲ. ಮೊಳೆಗೆ ಸುಳ್ಳು ಹೇಳಲು ಬರುವುದಿಲ್ಲ. ಎರಡೂ ನಿಜವಾಗಿದ್ದರೆ ನಡುವೆ ಏನೋ ತನಗೆ ಕಾಣದ್ದು ಇದೆ. ಅದೇನೆಂದು ಯೋಚಿಸುತ್ತ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದಳು. ಜಾಲಿ ಬಿಟ್ಟರೆ ಬೇರೇನೂ ಕಾಣಲಿಲ್ಲ.

*

ಗುರುವಾರ ಮಧ್ಯಾಹ್ನ ರೋಹಿಣಿ ಮಳೆ ಬಿತ್ತು. ಕೇಂದ್ರದಲ್ಲಿ ಎಲ್ಲರೂ ಕಿಟಕಿಯ ಬಳಿ ಹೋದರು. ಕ್ಯಾತಮ್ಮ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಅದೇ ಮಳೆ ಅರವತ್ತು ಕಿಲೋಮೀಟರು ಆಚೆ ಕಾವಲಿನ ಮೇಲೂ ಬೀಳುತ್ತಿತ್ತು.

ಮೊದಲು ಎಪ್ಪತ್ತಮೂರನೇ ಮೊಳೆಯನ್ನು ಕೇಳಿದಳು. ಅದು ನೀರಿನ ತೊಟ್ಟಿಯ ಪಕ್ಕದ್ದು. ಹನಿಗಳು ತಗಡಿನ ಮೇಲೆ ಬಿದ್ದಂತೆ ಟಣಟಣ ಸಿಡಿದವು. ಗಟ್ಟಿಯಾದ, ತುಳಿದು ತುಳಿದು ಸತ್ತ ನೆಲ. ನೀರು ಒಳಗಿಳಿಯದೆ ಮೇಲೇ ಹರಿದುಹೋಗುವುದು ಕೇಳಿಸಿತು. ಸರಿ, ಅತಿಯಾಗಿ ಮೇಯಿಸಿದ ನೆಲ ಹೀಗೇ ಇರಬೇಕು.

ಆಮೇಲೆ ಎಪ್ಪತ್ತನಾಲ್ಕನೆಯದು. ಅಲ್ಲಿ ಟಣಟಣ ಇರಲಿಲ್ಲ. ಹನಿ ಬಿದ್ದದ್ದೇ ಕೇಳಲಿಲ್ಲ. ಯಾರೋ ಕಂಬಳಿ ಹೊದ್ದು ಮಲಗಿದವರ ಮೇಲೆ ಮಳೆ ಬಿದ್ದಂತೆ, ದೂರದಲ್ಲೊಂದು ಪಿಸುಗುಡುವಿಕೆ. ಎಪ್ಪತ್ತೈದು, ಅದೇ. ಹನ್ನೆರಡು, ನಲವತ್ತು, ನೂರಾ ಒಂದು, ಎಲ್ಲ ಅದೇ. ನೂರಾ ಹನ್ನೊಂದು ಮೊಳೆಗಳಲ್ಲಿ ಮಳೆ ನೆಲವನ್ನು ಮುಟ್ಟುತ್ತಲೇ ಇರಲಿಲ್ಲ.

ಅವಳ ಬೆರಳು ಕೀಲಿಗಳ ಮೇಲೆ ನಿಂತಿತು. ಈ ಮೌನವನ್ನು ಎಲ್ಲಿಯೋ ಕೇಳಿದ್ದೇನೆ.

ಹಿರೇಜಾಡಿನ ಕಾವಲು ಎಂಟು ವರ್ಷದ ಹಿಂದೆ ಮುಚ್ಚಿದ್ದು. ಅಲ್ಲಿ ಎಂಟು ವರ್ಷದಿಂದ ಒಂದು ಪ್ರಾಣಿ ಬಾಯಿ ಹಾಕಿಲ್ಲ. ಅದರ ಅಂಕಿಯೂ ಕೆಳಗೇ ಇತ್ತು. ‘ಚೇತರಿಸಿಕೊಳ್ಳುತ್ತಿದೆ’ ಎಂದು ಪ್ರತಿ ವರ್ಷ ಕೇಂದ್ರ ಬರೆದುಕೊಳ್ಳುತ್ತಿತ್ತು. ಅವಳು ಅಲ್ಲಿನ ಒಂದು ಮೊಳೆಯನ್ನು ತೆರೆದಳು. ಮಳೆ ಅಲ್ಲಿಯೂ ಬೀಳುತ್ತಿತ್ತು. ಅದೇ ಕಂಬಳಿ, ಅದೇ ಪಿಸುಗುಡುವಿಕೆ.

ವರ್ಷಗಟ್ಟಲೆ ಯಾರೂ ಮೇಯದ ಹುಲ್ಲು ನಿಂತಲ್ಲೇ ಒಣಗಿ, ಒಂದರ ಮೇಲೊಂದು ಬಿದ್ದು, ಚಾವಣಿಯಂತೆ ನೆಲಕ್ಕೆ ಮುಚ್ಚಿಕೊಳ್ಳುತ್ತದೆ. ಬಿಸಿಲು ಬುಡಕ್ಕೆ ತಲುಪುವುದಿಲ್ಲ. ಹೊಸ ಚಿಗುರು ಬರುವುದಿಲ್ಲ. ಹಿಕ್ಕೆ ಬೀಳದ ಕಡೆ ಸೆಗಣಿ ಹುಳುವಿಗೆ ಕೆಲಸವಿಲ್ಲ. ಕೊಯ್ಯದ ಹುಲ್ಲು ಬೇರನ್ನು ಹೊಸದಾಗಿ ಚಾಚುವುದಿಲ್ಲ. ಇದೆಲ್ಲ ಅವಳು ಪುಸ್ತಕದಲ್ಲಿ ಓದಿದ್ದೇ. ಆದರೆ ನಾಲ್ಕು ಸಾವಿರ ಕುರಿ ದಿನವೂ ಮೇಯುವ ಕಾವಲಿನಲ್ಲಿ ಆ ಚಾವಣಿ ಎಲ್ಲಿಂದ ಬಂತು?

ಕೊರಳಪಟ್ಟಿಯ ಲೆಕ್ಕ ತೆಗೆದಳು. ಕಾವಲನ್ನು ನೂರಾ ಹನ್ನೆರಡು ಚೌಕ ಮಾಡಿ, ಒಂದೊಂದು ಚೌಕದ ನಡುವೆ ಒಂದು ಮೊಳೆ ಹೊಡೆದಿದ್ದರು. ಪಟ್ಟಿ ಹೇಳುವುದು ಯಾವ ಚೌಕದಲ್ಲಿ ಎಷ್ಟು ಕುರಿ ಎಷ್ಟು ಹೊತ್ತು ಇದ್ದವು ಎಂಬುದನ್ನು ಮಾತ್ರ. ಚೌಕ ದೊಡ್ಡದು. ಅದರೊಳಗೆ ಕುರಿ ಎಲ್ಲಿ ಕಾಲಿಟ್ಟಿತು, ಎಲ್ಲಿ ಇಡಲಿಲ್ಲ ಎಂದು ಅದು ಹೇಳುವುದಿಲ್ಲ.

ಕೇಂದ್ರದ ಜೀಪಿನ ಕೀಲಿ ಕೇಳಿ ಪಡೆದಳು. “ಮಳೆಯಾಗೆ ಎಲ್ಲಿಗೆ ಮೇಡಂ?” ಎಂದ ಚಾಲಕನಿಗೆ, “ನೋಡಿ ಬರ್ತೀನಿ,” ಎಂದಳು. ನಾಲ್ಕು ವರ್ಷಗಳಿಂದ ಕೇಳಿದ್ದಳೇ ಹೊರತು ನೋಡಿರಲಿಲ್ಲ.

*

ಕಾವಲಿನಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ದಿಬ್ಬ ಹತ್ತಿ ನಿಂತಾಗ ಮಂದೆ ಕೆಳಗೆ ಕಾಣಿಸಿತು. ಕರಿ, ಬಿಳಿ, ಕಂದು ಬೆನ್ನುಗಳು ಒತ್ತೊತ್ತಾಗಿ, ಒಂದೇ ಮೈಯಂತೆ ಜರುಗುತ್ತಿದ್ದವು. ಮುಂದೆ ಅಣ್ಣ, ಹಿಂದೆ ಬೊಮ್ಮಕ್ಕ.

ಮಂದೆಯ ಹಾದಿಯಲ್ಲಿ ಹಸಿರು ಟೋಪಿಯೊಂದು ಕಾಣಿಸಿತು. ಇನ್ನೂ ದೂರವಿರುವಾಗಲೇ ಚಿಕ್ಕೀರಣ್ಣ ನಾಲಿಗೆ ಮಡಿಸಿ ಒಂದು ಸಿಳ್ಳೆ ಹಾಕಿದ. ಮಂದೆ ಎರಡಾಗಿ ಸೀಳಿತು. ಹೊಳೆಯ ನೀರು ಬಂಡೆಯನ್ನು ಬಳಸಿ ಹೋಗುವಂತೆ ಮೊಳೆಯ ಆಚೆಗೊಂದು, ಈಚೆಗೊಂದು ಪಾಲಾಗಿ, ಮುಂದೆ ಹೋಗಿ ಮತ್ತೆ ಕೂಡಿಕೊಂಡಿತು. ಒಂದು ಮರಿ ಕೂಡ ಗೆರೆ ದಾಟಲಿಲ್ಲ.

ಅವಳು ಇಳಿದು ಹೋದಳು. ಮೊಳೆಯ ಸುತ್ತ ಬಿಳಿ ಕಲ್ಲುಗಳನ್ನು ದುಂಡಗೆ ಇಟ್ಟಿದ್ದರು. ಮೊಳೆಯಿಂದ ಕಲ್ಲಿಗೆ ಐದು ಮಾರು. ಒಳಗೆ ಸೊಂಟದೆತ್ತರ ಕರಡದ ಹುಲ್ಲು, ಬೂದುಬಣ್ಣಕ್ಕೆ ತಿರುಗಿ, ಬಿದ್ದು, ಕೊಳೆಯದೆ ಹೆಣೆದುಕೊಂಡು ಕೂತಿತ್ತು. ಅದರ ನಡುವೆ ಒಂದು ಜಾಲಿ ಸಸಿ ಆಗಲೇ ತಲೆಯೆತ್ತಿತ್ತು. ಕಲ್ಲಿನಿಂದ ಒಂದೇ ಹೆಜ್ಜೆ ಹೊರಗೆ ಹಿಮ್ಮಡಿ ಮುಚ್ಚುವ ಎಳೆ ಹಸಿರು. ಬಾಗಿ ಬೆರಳಿಟ್ಟರೆ ಬೆರಳು ಒಳಗಿಳಿಯಿತು. ಹಿಕ್ಕೆಯೊಂದನ್ನು ಸರಿಸಿದಳು, ಕೆಳಗೆ ಮೂರು ಹುಳುಗಳು ಬೆಳಕಿಗೆ ಹೆದರಿ ಮಣ್ಣೊಳಗೆ ನುಗ್ಗಿದವು.

“ಅಣ್ಣಾ, ಈ ಕಲ್ಲು ಯಾರಿಟ್ಟಿದ್ದು?”

“ನಾವೇ. ಮೀಸಲು ಅದು.”

“ಯಾರಿಗೆ ಮೀಸಲು?”

ಚಿಕ್ಕೀರಣ್ಣ ಅವಳನ್ನು ವಿಚಿತ್ರವಾಗಿ ನೋಡಿದ. “ನಿನಗೆ ಕಣಮ್ಮಿ. ಮೊಳೆ ಹೊಡೆದ ದಿನ ನೀನೇ ಹೇಳಿದ್ದಲ್ವಾ? ‘ಅಣ್ಣಾ, ನನ್ನ ಮೊದಲನೇ ಕೆಲಸ ಇದು, ಮೊಳೆಗೆ ಕುರಿ ತಾಗದಂಗೆ ನೋಡ್ಕಳಿ’ ಅಂತ. ಹಟ್ಟಿಗೆ ಹಟ್ಟಿನೇ ಕೂತು ಮಾತಾಡಿದ್ವಿ. ಕುರಿ ಕೊಂಬು ತಗಲಿ ಮುರಿದ್ರೆ ನಮ್ಮ ಹುಡುಗಿ ಹೆಸರು ಕೆಡ್ತದೆ ಅಂತ ಐದು ಮಾರು ಮೀಸಲು ಬಿಟ್ವಿ. ತೊಟ್ಟಿ ಹತ್ರದ್ದು ಒಂದು ಉಳಿಸಕ್ಕಾಗಲಿಲ್ಲ. ನೀರು ಕಂಡ್ರೆ ಕುರಿ ಯಾರ ಮಾತೂ ಕೇಳಲ್ಲ. ಅದೊಂದು ತಪ್ಪಾಗೈತೆ, ನಿನಗೆ ಹೇಳಬೇಕು ಅಂತಿದ್ದೆ.”

ಕ್ಯಾತಮ್ಮ ಕಲ್ಲುಗಳ ಮೇಲೆ ಕೂತುಬಿಟ್ಟಳು.

ಹಾಗೆ ಹೇಳಿದ್ದು ನಿಜವೇ? ನಿಜ. ಜೀಪು ಹತ್ತುವಾಗ, ಕಾಲು ಮೇಲಿಟ್ಟುಕೊಂಡು, ಹೇಳುವುದಕ್ಕೆ ಬೇರೇನೂ ತೋಚದೆ ಹೇಳಿದ ಮಾತು. ಆಡಿದ ಅವಳು ಮರುದಿನವೇ ಮರೆತಿದ್ದಳು. ಇಲ್ಲಿ ಅರವತ್ತು ಮನೆಯವರು ಅದನ್ನು ನಾಲ್ಕು ವರ್ಷ, ದಿನಕ್ಕೆ ಹತ್ತಾರು ಸಲ, ಸಿಳ್ಳೆ ಹಾಕಿ ಹಾಕಿ ಕಾದಿದ್ದರು. ಇಡೀ ಕಾವಲಿನಲ್ಲಿ ಸತ್ತಿದ್ದ ನೆಲವೆಂದರೆ ತೊಟ್ಟಿಯ ಬಳಿ ಒಂದು ಅಂಗಳದಷ್ಟು, ಮತ್ತೆ ಈ ನೂರಾ ಹನ್ನೊಂದು ದುಂಡು. ಕೇಂದ್ರದ ಕಿವಿಗಳೆಲ್ಲ ಸರಿಯಾಗಿ ಅಲ್ಲೇ ಇದ್ದವು.

“ಯಾಕಮ್ಮಿ, ಕಡಿಮೆ ಆಯ್ತಾ? ಹತ್ತು ಮಾರು ಬಿಡಬೇಕಿತ್ತಾ?” ಎಂದು ಬೊಮ್ಮಕ್ಕ ಗಾಬರಿಯಿಂದ ಕೇಳಿದಳು.

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಇಬ್ಬರಿಗೂ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿದ ಚಿಕ್ಕೀರಣ್ಣ ಬಹಳ ಹೊತ್ತು ಸುಮ್ಮನೆ ನಿಂತ. ಆ ಮೌನ ಯಾವುದೆಂದು ಈ ಸಲ ಅವಳಿಗೆ ತಿಳಿಯಲಿಲ್ಲ.

“ಹಂಗಾದ್ರೆ,” ಎಂದ ಕೊನೆಗೆ, “ತಪ್ಪು ಯಾರದು ಅಂತ ಬರೀತೀಯ?”

“ನಂದು.”

“ಬ್ಯಾಡ. ದಡ್ಡ ಕುರುಬರು ಕಲ್ಲು ಇಟ್ಟಿದ್ರು ಅಂತ ಬರಿ. ನಮಗೇನೂ ಆಗಲ್ಲ. ನಿನ್ನ ಕೆಲಸಕ್ಕೆ ಕುತ್ತು ಬ್ಯಾಡ.”

“ಇಲ್ಲಣ್ಣ,” ಎಂದಳು ಅವಳು. “ಮಾತು ನಂದು. ಉಳಿಸಿದ್ದು ನಿಮ್ಮದು. ಎರಡನ್ನೂ ಬರೀತೀನಿ.”

*

ಮಧುಕೇಶ್ವರ ಅವಳ ಬರಹವನ್ನು ಎರಡು ಸಲ ಓದಿದರು.

“ನೀವೇ ಹೇಳಿದ ಮಾತಿನಿಂದ ಕೇಂದ್ರದ ನಾಲ್ಕು ವರ್ಷದ ಅಂಕಿ ಹಾಳಾಗಿದೆ ಅಂತ ನೀವೇ ಬರೆದು ಕೊಟ್ಟಿದೀರಿ. ಏನಾಗುತ್ತೆ ಅಂತ ಗೊತ್ತಾ?”

“ಗೊತ್ತು ಸರ್.”

“ತೊಟ್ಟಿ ಹತ್ರ ನೆಲ ಸತ್ತಿದೆ ಅಂತಾನೂ ಬರೆದಿದೀರಿ. ಅದನ್ನ ಬಿಡಬಹುದಿತ್ತು.”

“ಅದೂ ನಿಜ ಸರ್. ಅಲ್ಲಿ ಅತಿ ಆಗಿದೆ. ತೊಟ್ಟಿ ವರ್ಷಕ್ಕೊಂದು ಕಡೆ ಮಾಡ್ತೀವಿ ಅಂತ ಅಣ್ಣ ಹೇಳಿದಾನೆ.”

ಅವರು ಕನ್ನಡಕ ತೆಗೆದು ಒರೆಸಿದರು. “ಬರಹ ನೋಡಿ ನಂಬೋದಿಲ್ಲ ನಾನು. ಮೊಳೆ ಕಿತ್ತು ಕಲ್ಲಿನಾಚೆ ಹೊಡೀರಿ. ನಾನೇ ಬಂದು ಕೇಳ್ತೀನಿ.”

ಕಿತ್ತ ಮೊಳೆ ಮಣ್ಣಿಗೆ ಒಗ್ಗಿಕೊಳ್ಳಲು ಮೂರು ದಿನ ಬೇಕು. ಹೊಸ ಜಾಗವನ್ನು ಚಿಕ್ಕೀರಣ್ಣನೇ ತೋರಿಸಿದ: ಕೃತ್ತಿಕೆ ಮಳೆಯ ಹೊತ್ತಿಗೆ ಮಂದೆ ಮೇಯ್ದು ಹೋದ ಕಡೆ, ಮತ್ತೆ ಯಾರೂ ತುಳಿಯದ ನೆಲ. ಹನ್ನೆರಡು ಮೊಳೆ ಹಾಗೆ ಹೊಡೆದರು. ಆ ಮೂರು ದಿನ ಕ್ಯಾತಮ್ಮ ಹಟ್ಟಿಯಲ್ಲೇ ಉಳಿದಳು. ಅತ್ತಿಗೆಯ ಜೊತೆ ರೊಪ್ಪ ಗುಡಿಸಿದಳು, ಮರಿಗಳಿಗೆ ಸೊಪ್ಪು ಕಟ್ಟಿದಳು. ಮೊಳೆಯನ್ನು ಮುಂಚೆಯೇ ತೆರೆದು ಕೇಳಬಹುದಿತ್ತು. ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಧುಕೇಶ್ವರ ಬಂದರು. ಹಟ್ಟಿಯ ಅರ್ಧ ಜನ ಅವರ ಹಿಂದೆ ನಡೆದರು. ಅವರು ಪ್ಯಾಂಟಿನ ಮಂಡಿ ಮಣ್ಣಾಗುವುದನ್ನು ಲೆಕ್ಕಿಸದೆ ಹುಲ್ಲಿನ ಮೇಲೆ ಕೂತು ಹೆಡ್‌ಫೋನ್ ಹಾಕಿಕೊಂಡರು. ಕ್ಯಾತಮ್ಮ ಮೊಳೆಯನ್ನು ತೆರೆದಳು. ಅವಳ ಕೈಯಲ್ಲಿದ್ದ ಫಲಕದ ಮೇಲೆ ಅಂಕಿ ಅಲುಗಾಡಿ, ಏರಿ, ನಿಂತಿತು. ಅರವತ್ತೊಂದು.

ಅವರು ಫಲಕ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು. ಆಮೇಲೆ ಎದ್ದು, ಪಕ್ಕದ ಕಲ್ಲಿನ ದುಂಡಿನೊಳಗೆ ಕೀಳದೆ ಬಿಟ್ಟಿದ್ದ ಹಳೆಯ ಮೊಳೆಯ ಬಳಿ ಹೋಗಿ ಅದನ್ನೂ ಕೇಳಿದರು. ಮತ್ತೆ ಹೊರಗೆ ಬಂದು ಕೇಳಿದರು. ಹೀಗೆ ಐದು ಕಡೆ.

“ಇದಕ್ಕೆ ಬೇಲಿ ಇರಲಿಲ್ವಾ?” ಎಂದು ಚಿಕ್ಕೀರಣ್ಣನನ್ನು ಕೇಳಿದರು.

“ಇಲ್ಲ ಸಾಮಿ.”

“ಕಾವಲುಗಾರ?”

“ಯಾರೂ ಇಲ್ಲ.”

“ಮತ್ತೆ ನಾಲ್ಕು ಸಾವಿರ ಕುರಿ, ನಾಲ್ಕು ವರ್ಷ, ನೂರಾ ಹನ್ನೊಂದು ಕಡೆ ಒಂದು ಎಸಳು ಹುಲ್ಲು ಮುಟ್ಟಿಲ್ಲ ಅಂದ್ರೆ ಹೆಂಗೆ ನಂಬೋದ್ರಿ?”

“ನಮ್ಮ ಹುಡುಗಿ ಹೇಳಿತ್ತಲ್ಲ ಸಾಮಿ,” ಎಂದ ಚಿಕ್ಕೀರಣ್ಣ. ಅದಕ್ಕಿಂತ ಹೆಚ್ಚಿಗೆ ಹೇಳಲು ಏನಿದೆ ಎಂಬಂತಿತ್ತು ಅವನ ಮುಖ.

ಮಧುಕೇಶ್ವರ ಕಾವಲಿನ ಕಡೆ ತಿರುಗಿ ನಿಂತರು. ದೂರದೂರಕ್ಕೆ ಬೂದುಬಣ್ಣದ ದುಂಡುಗಳು ಹಸಿರಿನ ನಡುವೆ ಚುಕ್ಕಿ ಇಟ್ಟಂತೆ ಕಾಣುತ್ತಿದ್ದವು. “ಒಂದೇ ಮಣ್ಣು, ಒಂದೇ ಮಳೆ,” ಎಂದರು ಕ್ಯಾತಮ್ಮನಿಗೆ, ಮೆಲ್ಲಗೆ. “ಕಲ್ಲಿನೊಳಗೆ ಮೇಯಿಸೇ ಇಲ್ಲ. ಹೊರಗೆ ಹದವಾಗಿ ಮೇಯಿಸಿದಾರೆ. ತೊಟ್ಟಿ ಹತ್ರ ಅತಿಯಾಗಿ. ಇಂಥದ್ದೊಂದು ಪರೀಕ್ಷೆ ಮಾಡಬೇಕು ಅಂತ ಇಪ್ಪತ್ತು ವರ್ಷದಿಂದ ಬರೀತಿದೀನಿ. ಬೇಲಿಗೇ ದುಡ್ಡು ಸಾಲಲ್ಲ ಅಂತ ಪ್ರತಿ ಸಲ ವಾಪಸ್ ಕಳಿಸಿದ್ರು.” ಅವಳ ಕಡೆ ತಿರುಗಿ, “ಆದೇಶ ಹರಿದುಹಾಕ್ತೀನಿ. ಹಿರೇಜಾಡಿನ ಕಡತಾನೂ ತೆಗೀಬೇಕು. ಎಂಟು ವರ್ಷ ನಾವು ಆ ನೆಲವನ್ನ ಏನು ಮಾಡಿದೀವೋ. ನಿಮ್ಮ ತಪ್ಪಿನ ಬಗ್ಗೆ ಒಂದು ನೋಟಿಸ್ ಕೊಡಲೇಬೇಕಾಗುತ್ತೆ,” ಎಂದರು.

“ಕೊಡಿ ಸರ್.”

“ವರದಿಯಲ್ಲಿ ಆ ದುಂಡುಗಳನ್ನ ಕಾದವರ ಹೆಸರು ಬೇಕು. ಎಲ್ಲರದೂ.”

“ಅರವತ್ತು ಮನೆ ಸರ್.”

“ಪುಟ ಸಾಲದಿದ್ರೆ ಇನ್ನೊಂದು ಪುಟ ಹಾಕಿ.”

ಅವರ ಜೀಪು ದಿಬ್ಬ ದಾಟಿದ ಮೇಲೆ ಕ್ಯಾತಮ್ಮ ಹೆಡ್‌ಫೋನನ್ನು ಅಣ್ಣನ ತಲೆಗೆ ಹಾಕಿದಳು. ಅವನು ಪೇಟ ಬಿಚ್ಚಿ ಕೈಯಲ್ಲಿ ಹಿಡಿದು ಕೂತ. ಮೊದಲು ಹುಬ್ಬು ಗಂಟಾಯಿತು. ನಿಧಾನವಾಗಿ ಸಡಿಲವಾಯಿತು.

“ಏನು ಕೇಳ್ತೈತೆ?” ಎಂದಳು ಬೊಮ್ಮಕ್ಕ ತಡೆಯಲಾರದೆ.

“ಮಂದೆ ಕೂತು ಮೆಲುಕು ಹಾಕ್ದಂಗೆ ಐತೆ ಕಣೆ,” ಎಂದ ಅವನು. “ಕತ್ತಲಾದ್ಮೇಲೆ ರೊಪ್ಪದಾಗೆ ಕೇಳಲ್ವಾ, ಹಂಗೇ. ನೆಲದೊಳಗೆ.” ಅವನ ಮುಖದ ಮೇಲಿದ್ದ ಭಾವವನ್ನು ಕ್ಯಾತಮ್ಮ ಒಂದೇ ಒಂದು ಸಲ ನೋಡಿದ್ದಳು: ಕೇಂದ್ರಕ್ಕೆ ಆಯ್ಕೆಯಾದ ಕಾಗದವನ್ನು ಅವಳು ಓದಿ ಹೇಳಿದ ದಿನ, ಅಪ್ಪನ ಮುಖದಲ್ಲಿ.

ಪರೀಕ್ಷೆಗೆಂದು ಐವತ್ತು ಮೀಸಲನ್ನು ಹಾಗೆಯೇ ಕಾಯಬೇಕು, ಉಳಿದವಕ್ಕೆ ಮಂದೆ ಬಿಡಬಹುದು ಎಂದು ತೀರ್ಮಾನವಾಗಿತ್ತು. ಮೊದಲ ದುಂಡಿನ ಮೊಳೆ ಕಿತ್ತು, ಬಿಳಿ ಕಲ್ಲುಗಳನ್ನು ಎತ್ತಿ ಒಂದು ಕಡೆ ರಾಶಿ ಹಾಕಿದರು. ಚಿಕ್ಕೀರಣ್ಣ ಮಂದೆಯನ್ನು ತಂದ. ಸಿಳ್ಳೆ ಹಾಕಲಿಲ್ಲ.

ಆದರೂ ಮಂದೆ ಸೀಳಿತು. ಕಲ್ಲಿಲ್ಲದ ಗೆರೆಯ ತನಕ ಬಂದ ಕುರಿಗಳು ತಾವಾಗಿ ಆಚೆ ಈಚೆ ಪಾಲಾಗಿ ಮುಂದೆ ಹೋದವು. ಚಿಕ್ಕೀರಣ್ಣ ಮತ್ತೆ ತಿರುಗಿಸಿ ತಂದ. ಮತ್ತೆ ಹಾಗೇ ಆಯಿತು. ಈ ನಾಲ್ಕು ವರ್ಷದಲ್ಲಿ ಹುಟ್ಟಿದ ಮರಿಗಳೇ ಈಗ ಮಂದೆಯ ಮುಂದಿದ್ದವು. ಅವಕ್ಕೆ ಬೇರೆ ಕಾವಲು ಗೊತ್ತಿರಲಿಲ್ಲ.

“ನೋಡಮ್ಮಿ,” ಎಂದಳು ಬೊಮ್ಮಕ್ಕ, ಸೊಂಟದ ಮೇಲೆ ಕೈಯಿಟ್ಟುಕೊಂಡು. “ನಿಮ್ಮಣ್ಣ ಮಾತು ಬಿಟ್ರೂ ಅವು ಬಿಡಲ್ಲ. ನೀನೇ ಹೇಳಿದ್ದು, ನೀನೇ ಹೋಗಿ ಬಿಡಿಸ್ಕ.”

ಕ್ಯಾತಮ್ಮ ಚಪ್ಪಲಿ ಬಿಟ್ಟು ದುಂಡಿನೊಳಗೆ ಹೋದಳು. ಒಣಹುಲ್ಲು ಮೊಣಕಾಲಿಗೆ ತರಚಿತು. ನಡುವೆ, ಮೊಳೆ ಇದ್ದ ತೂತಿನ ಪಕ್ಕ ನಿಂತು, ಅಪ್ಪ ಕರೆಯುತ್ತಿದ್ದಂತೆ ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಕರೆದಳು. ದನಿ ಮೊದಲು ಸರಿಯಾಗಿ ಹೊರಡಲಿಲ್ಲ. ಇನ್ನೊಮ್ಮೆ ಕರೆದಳು.

ಮುಂದಿದ್ದ ಕರಿ ಕುರಿ ಗೆರೆಯ ಮೇಲೆ ನಿಂತು ಅವಳನ್ನು ನೋಡಿತು, ಚಿಕ್ಕೀರಣ್ಣನನ್ನು ನೋಡಿತು. ಅವನು ಗೊತ್ತಾಗದಷ್ಟು ಮೆಲ್ಲಗೆ ತಲೆಯಾಡಿಸಿದ. ಕುರಿ ಒಂದು ಕಾಲು ಒಳಗಿಟ್ಟಿತು.